ಒಂಬತ್ತು ಅಕ್ಷರಗಳ ಸಾಕ್ಷಿ

“ನಿಮ್ಮ ಗೋದಾಮಿನ ಬೂಷ್ಟಿಗೆ ವಿಷ ಮಾಡೋಕೇ ಬರಲ್ಲ ಕಣಕ್ಕಾ!”

ನಾನಿನ್ನೂ ಬಾಗಿಲಲ್ಲಿದ್ದೆ. ಚಪ್ಪಲಿ ಸಹ ಬಿಟ್ಟಿರಲಿಲ್ಲ. ನನ್ನ ಓರಗಿತ್ತಿ ತನ್ನ ಪ್ರಯೋಗಶಾಲೆಯ ಒಳಗಿಂದಲೇ ಕೂಗಿ ಹೇಳಿಬಿಟ್ಟಳು. ಬೆಳಗಿನ ಏಳು ಗಂಟೆ. ಅವಳ ತಲೆಗೂದಲು ಹಕ್ಕಿಗೂಡಾಗಿತ್ತು, ಕನ್ನಡಕ ಹಣೆಯ ಮೇಲಿತ್ತು, ಆ ಕನ್ನಡಕವನ್ನೇ ಮೇಜಿನ ತುಂಬ ತಡಕಾಡುತ್ತಿದ್ದಳು.

“ಹಣೆ ಮೇಲಿದೆ,” ಎಂದೆ. “ಈಗ ನಿಧಾನವಾಗಿ ಹೇಳು. ಇಪ್ಪತ್ತೆರಡು ವರ್ಷ ವಿಮೆ ಕಂಪನಿಗೆ ಸುಟ್ಟ ಅಂಗಡಿ, ಮಗುಚಿದ ಲಾರಿ ನೋಡಿಕೊಂಡು ಬಂದವಳು ನಾನು. ಬೂಷ್ಟಿನ ವಿಷಯಕ್ಕೆ ಬಂದ್ರೆ ನನ್ನದು ಕಲ್ಲುತಲೆ.”

ಐದು ವಾರದ ಹಿಂದೆ ನರ್ಸಿಂಗ್ ಹಾಸ್ಟೆಲಿನ ಹತ್ತೊಂಬತ್ತು ಹುಡುಗಿಯರು ಮೆಕ್ಕೆಜೋಳದ ಗಂಜಿ ಕುಡಿದು, ಲಿವರ್ ಕೆಟ್ಟು ಆಸ್ಪತ್ರೆ ಸೇರಿದ್ದರು; ಆಹಾರ ಪರೀಕ್ಷಾಲಯದ ವರದಿ ಬೆರಳು ಮಾಡಿದ್ದು ಸತ್ಯ ಹುಡುಕಿಕೊಡಿ ಎಂದು ನನ್ನನ್ನು ಗೊತ್ತುಮಾಡಿದ್ದ ಗೋದಾಮಿನಮ್ಮನ ಮೂಟೆಗಳ ಕಡೆಗೆ. ಇವತ್ತು ಹನ್ನೊಂದು ಗಂಟೆಗೆ ಪರವಾನಗಿ ಸಮಿತಿ ಅವಳ ಗೋದಾಮಿಗೆ ಶಾಶ್ವತ ಬೀಗ ಜಡಿಯಲಿತ್ತು.

ಓರಗಿತ್ತಿ ನನ್ನ ಮೊಣಕೈ ಹಿಡಿದು ಪರದೆಯ ಮುಂದೆ ಕೂರಿಸಿದಳು. ಆ ಕೋಣೆಯಲ್ಲಿ ಕೂರಲು ಇದ್ದದ್ದು ಒಂದೇ ಕುರ್ಚಿ. ಉಳಿದ ಜಾಗವನ್ನೆಲ್ಲ ಫ್ರಿಜ್ಜುಗಳು, ತಟ್ಟೆಗಳು, ಗಾಜಿನ ಟ್ಯೂಬುಗಳು ನುಂಗಿದ್ದವು. ಮೂಲೆಯಲ್ಲಿ ಟಿಫಿನ್ ಡಬ್ಬಿಯಷ್ಟೇ ದೊಡ್ಡ ಯಂತ್ರವೊಂದು ಗುಂಯ್ ಎನ್ನುತ್ತಿತ್ತು. ಜೀವಿಗಳ ಜೀನೋಮನ್ನು, ಅಂದರೆ ಅವುಗಳೊಳಗಿನ ಆನುವಂಶಿಕ ಬರಹವನ್ನು, ಅಕ್ಷರ ಅಕ್ಷರವಾಗಿ ಓದುವ ಯಂತ್ರ ಅದು.

“ಈ ಜಾತಿ ಬೂಷ್ಟಿನ ಪೂರ್ತಿ ಜೀನೋಮು ಮೂರು ಕೋಟಿ ಎಪ್ಪತ್ತು ಲಕ್ಷ ಅಕ್ಷರ,” ಎಂದಳು. “ಅದರಲ್ಲಿ ವಿಷ ತಯಾರಿಸೋ ಜೀನುಗಳು ಇಪ್ಪತ್ತೈದು. ಎಲ್ಲ ಒಂದೇ ಕಡೆ ಇರ್ತವೆ, ಅಡುಗೆಮನೆ ಶೆಲ್ಫಿನ ಮೇಲೆ ಡಬ್ಬಿ ಜೋಡಿಸಿದ ಹಾಗೆ. ಇದು ಕೆಟ್ಟ ಬೂಷ್ಟು, ನೋಡಿ. ಡಬ್ಬಿಗಳು ಕಾಣ್ತಾವಾ?”

ಪರದೆಯ ಮೇಲೆ ಬಣ್ಣದ ಚಿಕ್ಕ ಚಿಕ್ಕ ಪಟ್ಟಿಗಳು ಸಾಲಾಗಿ ನಿಂತಿದ್ದವು.

“ಈಗ ಇದು ಗೋದಾಮಿನ ಮೂಟೆ ಮೇಲಿಂದ ನೀವೇ ಹತ್ತಿಯಲ್ಲಿ ಒರೆಸಿಕೊಂಡು ಬಂದದ್ದು.”

ಸಾಲು ಇರಬೇಕಾದ ಜಾಗ ಖಾಲಿ.

“ಡಬ್ಬಿಗಳು ಎಲ್ಲಿ?”

“ಡಬ್ಬಿ ಇರಲಿ, ಶೆಲ್ಫೇ ಇಲ್ಲ! ಇದು ಒಳ್ಳೆ ಬೂಷ್ಟು ಅಕ್ಕ. ಗೋದಾಮಿಗೆ ಜೋಳ ಹಾಕೋ ರೈತರು ಮೂರು ವರ್ಷದಿಂದ ಇದನ್ನ ಹುರಿದ ಕಾಳಿಗೆ ಅಂಟಿಸಿ ಬೇಕಂತಲೇ ಹೊಲಕ್ಕೆ ಎರಚ್ತಿದಾರೆ. ಇದು ಮೊದಲೇ ಬಂದು ಜಾಗ ಹಿಡಿದುಬಿಟ್ರೆ ಕೆಟ್ಟದಕ್ಕೆ ಕಾಲೂರೋಕೆ ಜಾಗ ಸಿಗಲ್ಲ. ನೋಡೋಕೆ ಎರಡೂ ಹಸಿರೇ. ಬರಿಗಣ್ಣಿಗೆ ನನಗೂ ಗೊತ್ತಾಗಲ್ಲ.”

ನನಗೆ ಕುಳಿತಲ್ಲೇ ಕುಣಿಯಬೇಕೆನಿಸಿತು. ಆದರೆ ಕುಣಿಯುವ ಮೊದಲು ಅನುಮಾನ ಪಡುವುದು ನನ್ನ ಹುಟ್ಟುಗುಣ.

“ಹಾಗಾದ್ರೆ ಪರೀಕ್ಷಾಲಯದ ಚೀಲದಲ್ಲಿ ಅಷ್ಟು ವಿಷ ಎಲ್ಲಿಂದ ಬಂತು?”

ಓರಗಿತ್ತಿ ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದಳು. ಮಾದರಿ ತೆಗೆದಾಗ ಕಾಳನ್ನು ಮೂರು ಪಾಲು ಮಾಡಿ, ಮೂರು ಚೀಲಕ್ಕೆ ತುಂಬಿ, ಅರಗಿನ ಮೊಹರು ಹಾಕುವುದು ನಿಯಮ. ಒಂದು ಪರೀಕ್ಷಾಲಯಕ್ಕೆ, ಒಂದು ಸಮಿತಿಯ ಕಪಾಟಿಗೆ, ಒಂದು ಮಾಲಿನ ಯಜಮಾನರಿಗೆ. ಸಮಿತಿಯ ಅಪ್ಪಣೆ ಪಡೆದು ಮೂರರಿಂದಲೂ ಒಂದೊಂದು ಹಿಡಿ ಕಾಳನ್ನು ನಾನೇ ಅವಳಿಗೆ ತಂದುಕೊಟ್ಟಿದ್ದೆ.

“ಎರಡು ಚೀಲದಲ್ಲಿ ಒಳ್ಳೆ ಬೂಷ್ಟು ಮಾತ್ರ. ಪರೀಕ್ಷಾಲಯದ ಚೀಲದಲ್ಲಿ ಒಳ್ಳೆಯದರ ಜೊತೆ ಕೆಟ್ಟದೂ ಇದೆ. ಮೂರೂ ಒಂದೇ ರಾಶಿಯಿಂದ ತುಂಬಿದ್ದು ತಾನೆ? ಅಂದ್ರೆ ಅದು ಚೀಲ ಅಲ್ಲಿಗೆ ಹೋದ ಮೇಲೆ ಸೇರಿದ್ದು.”

“ಗಾಳಿಯಲ್ಲಿ ಬಂದು ಕೂತಿರಬಹುದು ಅಂತಾರೆ.”

“ಅನ್ನಲಿ. ಆ ಕೆಟ್ಟ ಬೂಷ್ಟು ಯಾರದು ಗೊತ್ತಾ?” ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. “ನನ್ನದು.”

ಅವಳು ಕಿಸಕ್ಕನೆ ನಕ್ಕಳು.

“ಗಾಬರಿ ಬೀಳಬೇಡಿ. ಒಂಬತ್ತು ವರ್ಷದ ಹಿಂದೆ ಒಂದು ಕೊಳೆತ ರಾಶಿಯಲ್ಲಿ ನಾನು ಹುಡುಕಿದ ತಳಿ ಅದು. ಮಹಾ ವಿಷದ್ದು. ಇದರ ಜೊತೆ ಹೋಲಿಸಿ ನೋಡಲಿ ಅಂತ ಆರು ಪರೀಕ್ಷಾಲಯಗಳಿಗೆ ಕೊಟ್ಟಿದ್ದೆ. ಅದರ ಒಂದೊಂದು ಅಕ್ಷರವೂ ನನ್ನ ಹತ್ತಿರ ಇದೆ. ಚೀಲದಲ್ಲಿ ಸಿಕ್ಕಿದ್ದು ಅದೇ, ಆದ್ರೆ ಮೂರು ಕೋಟಿ ಎಪ್ಪತ್ತು ಲಕ್ಷದಲ್ಲಿ ಒಂಬತ್ತು ಅಕ್ಷರ ಬೇರೆ. ಹೋದ ವಾರ ಆಹಾರ ಪರೀಕ್ಷಾಲಯದ ಸೀಲ್ ಸಾಹೇಬ್ರ ಫ್ರಿಜ್ಜಿನಿಂದ ಹನ್ನೆರಡು ಟ್ಯೂಬಿನ ಚೂರು ತಂದ್ರಲ್ಲ? ಅದರಲ್ಲಿ ತೀರಾ ಹೊಸ ಟ್ಯೂಬುಗಳಲ್ಲೂ ಅವೇ ಒಂಬತ್ತು. ಉಳಿದ ಐದು ಲ್ಯಾಬಿನದು ತರಿಸಿ ನೋಡಿದೆ. ಒಂದರಲ್ಲೂ ಇಲ್ಲ.”

ನಾನು ಎದ್ದು ಅವಳನ್ನು ಬಾಚಿ ತಬ್ಬಿಕೊಂಡೆ. ಹಳೇ ಬ್ರೆಡ್ಡನ್ನು ಎಸೆಯಲು ಬಿಡದೆ ಕಾದಿಟ್ಟು ನೋಡುವ ಇವಳಿಗೆ ಮನೆಯಲ್ಲಿ ಬೂಷ್ಟಮ್ಮ ಎಂದು ಹೆಸರಿಟ್ಟವಳೇ ನಾನು. ಅತ್ತೆಯ ಮುಂದೆ ಇವಳನ್ನು ಎಷ್ಟು ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. ಆ ಕ್ಷಣದಲ್ಲಿ ನಿಜಕ್ಕೂ ನಾಚಿಕೆಯಾಯಿತು.

“ಹಾಸ್ಟೆಲಿನ ಜರಡಿಯಿಂದ ಕೆರೆದು ತಂದ ಹಿಟ್ಟು?” ಎಂದೆ.

“ಅದು ಈಗ ಯಂತ್ರದಲ್ಲಿದೆ. ಮಧ್ಯಾಹ್ನ ಆಗತ್ತೆ. ನೀವು ಹೊರಡಿ, ಹನ್ನೊಂದಕ್ಕೆ ಇಷ್ಟೇ ಸಾಕು.”

* * *

ಆಸ್ಪತ್ರೆ ದಾರಿಯಲ್ಲೇ ಇತ್ತು. ಗೋದಾಮಿನಮ್ಮ ಎಲ್ಲಿರುತ್ತಾಳೆಂದು ಕೇಳುವ ಅಗತ್ಯವಿರಲಿಲ್ಲ. ಎರಡನೇ ಮಹಡಿ, ಹುಡುಗಿಯರ ವಾರ್ಡು, ಬಾಗಿಲ ಹೊರಗಿನ ಬೆಂಚು. ಮಡಿಲಲ್ಲಿ ಒಗೆದು ಮಡಿಸಿದ ಬಟ್ಟೆಗಳು. ಐದು ವಾರದಿಂದ ದಿನಾ ಬೆಳಗ್ಗೆ ಅಲ್ಲಿ ಕುಳಿತು, ಬಟ್ಟೆಯನ್ನು ನರ್ಸಿನ ಕೈಗೆ ಕೊಟ್ಟು, ಹಳೇ ಬಟ್ಟೆ ತೆಗೆದುಕೊಂಡು ವಾಪಸು ಹೋಗುತ್ತಿದ್ದಳು.

ಹತ್ತೊಂಬತ್ತು ಹುಡುಗಿಯರಲ್ಲಿ ಒಬ್ಬಳು ಅವಳ ಮಗಳು. ಎಲ್ಲರಿಗಿಂತ ಹೆಚ್ಚು ನರಳಿದವಳೂ ಅವಳೇ. ಈಗ ಎದ್ದು ಕೂರುತ್ತಾಳೆ, ಊಟ ಮಾಡುತ್ತಾಳೆ, ಗೆಳತಿಯರ ಜೊತೆ ಮಾತಾಡುತ್ತಾಳೆ. ತಾಯಿಯನ್ನು ಮಾತ್ರ ಒಳಗೆ ಬಿಡಗೊಡುವುದಿಲ್ಲ.

“ಇವತ್ತೇನಂದಳು?” ಎಂದೆ.

“ಅದೇ ಮೇಡಂ. ಅಮ್ಮನ ಮುಖ ನೋಡೋಕೆ ನನ್ನ ಕೈಲಾಗಲ್ಲ ಅಂದಳಂತೆ.” ಗೋದಾಮಿನಮ್ಮ ಬಟ್ಟೆಯ ಮಡಿಕೆಯನ್ನು ಸುಮ್ಮನೆ ಸರಿಮಾಡಿದಳು. ಎಂಬತ್ತು ಕಿಲೋ ಮೂಟೆಯನ್ನು ಒಂದೇ ಏಟಿಗೆ ಬೆನ್ನಿಗೇರಿಸಿ ಬೆಳೆದ ಕೈ ಅದು. “ಸರಿಯೇ ಅಲ್ವಾ? ಹೆತ್ತವಳ ಮೂಟೆಯಿಂದಲೇ ವಿಷ ಬಂತು ಅಂತ ಕಾಗದದ ಮೇಲೆ ಬರೆದುಕೊಟ್ಟಿದಾರೆ. ನಾನಾಗಿದ್ರೂ ನೋಡ್ತಿರಲಿಲ್ಲವೇನೋ.”

“ಆ ಕಾಗದಕ್ಕೆ ಇವತ್ತು ಗತಿ ಕಾಣಿಸ್ತೀನಿ.”

“ಗೋದಾಮಿಗೆ ಬೀಗ ಬಿದ್ರೆ ಬೀಳಲಿ ಮೇಡಂ. ಬೇರೆ ಕಡೆ ಕೂಲಿ ಮಾಡಿ ಬದುಕ್ತೀನಿ. ಅವಳು ಒಂದು ಸಲ ನನ್ನ ಮುಖ ನೋಡಿ ಅಮ್ಮಾ ಅಂದ್ರೆ ನನಗೆ ಅಷ್ಟೇ ಸಾಕು.”

ಅಳು ಬರುವ ಹಾಗಾದಾಗ ನಾನು ಜೋರು ಮಾಡುತ್ತೇನೆ, ಅದು ನನ್ನ ಹಳೇ ರೋಗ. “ಅಳೋದು ಬಿಟ್ಟು ಹನ್ನೊಂದಕ್ಕೆ ಸಮಿತಿ ಕಚೇರಿಗೆ ಬನ್ನಿ. ತಲೆ ಬಾಚಿಕೊಂಡು ಬನ್ನಿ. ಮುಖ ಎತ್ತಿಕೊಂಡು ಬನ್ನಿ!” ಎಂದು ಗದರಿಸಿ ದಡದಡ ಮೆಟ್ಟಿಲಿಳಿದೆ.

* * *

ಆಹಾರ ಪರೀಕ್ಷಾಲಯದ ಮುಖ್ಯ ಪರೀಕ್ಷಕರನ್ನು ಎಲ್ಲರೂ ಸೀಲ್ ಸಾಹೇಬರು ಎನ್ನುತ್ತಿದ್ದರು. ಕಂಡದ್ದಕ್ಕೆಲ್ಲ ಮೊಹರು ಒತ್ತುವುದು ಅವರ ಚಟ. ಚಹಾ ಕಪ್ಪನ್ನೂ ಬಿಟ್ಟಿಲ್ಲವೆಂದು ಅವರ ಸಿಬ್ಬಂದಿಯೇ ನಗುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದ ಸರ್ವೀಸು, ಇಸ್ತ್ರಿ ಮುದುಡದ ಬಿಳಿ ಕೋಟು, ಸೊಂಟದಲ್ಲಿ ಎರಡು ಕೀಲಿ.

ಒಂಬತ್ತು ಗಂಟೆಗೆ ನಾನು ಒಳಗೆ ಹೋದಾಗ ನನ್ನ ಹಿಂದೆ ಸಮಿತಿಯ ಕಾರ್ಯದರ್ಶಿಯೂ ಇದ್ದ. ಮಾತು ಕಡಿಮೆ, ಬರವಣಿಗೆ ಜಾಸ್ತಿ. ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಮನುಷ್ಯ.

“ಸಾಹೇಬ್ರೇ, ಸ್ವಲ್ಪ ಕಲಿತುಕೊಂಡು ಹೋಗೋಣ ಅಂತ ಬಂದೆ,” ಎಂದು ಹಲ್ಲು ಕಿರಿದೆ. ಹೊಗಳಿ ಅಟ್ಟಕ್ಕೇರಿಸುವುದರಲ್ಲಿ ನಾನು ಎತ್ತಿದ ಕೈ. “ಈ ವಿಷದ ಬೂಷ್ಟನ್ನ ಒಂಬತ್ತು ವರ್ಷ ಬದುಕಿಸಿಕೊಂಡು ಬಂದಿದೀರಂತೆ. ಅದು ಹೇಗೆ ಸಾಧ್ಯ?”

ಸಾಹೇಬರ ಮುಖ ಅರಳಿತು. ಎದ್ದು ಹೋಗಿ ಸೊಂಟದ ಕೀಲಿಯಿಂದ ಫ್ರಿಜ್ಜು ತೆಗೆದರು. ಹನ್ನೆರಡು ಟ್ಯೂಬುಗಳು ಓರೆಯಾಗಿ ಮಲಗಿದ್ದವು. ಪ್ರತಿಯೊಂದರ ಮೇಲೂ ದುಂಡಗೆ ಬರೆದ ಸಂಖ್ಯೆ, ತಾರೀಖು, ಮೊಹರು.

“ಕೈಕೆಲಸ ಮೇಡಂ, ಕೈಕೆಲಸ! ತಿಂಗಳಿಗೊಂದು ಸಲ ಹಳೇ ಟ್ಯೂಬಿನಿಂದ ಒಂದು ಚೂರು ಕೆತ್ತಿ, ಹೊಸ ಟ್ಯೂಬಿನ ಜೆಲ್ಲಿ ಮೇಲೆ ಇಡ್ತೀನಿ. ಅಲ್ಲಿ ಮತ್ತೆ ಬೆಳೀತದೆ. ಇದು ನೂರಾ ಎಂಟನೇದು.”

“ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಇಡಿ ಅಂತ ನನ್ನ ಓರಗಿತ್ತಿ ಹೇಳಿದ್ದಳಂತೆ?”

“ಹೇಳಿದ್ರು. ಉಳಿದವರೆಲ್ಲ ಹಾಗೇ ಇಟ್ಟುಕೊಂಡಿದಾರೆ.” ಮೂಗು ಮುರಿದರು. “ಹೆಪ್ಪುಗಟ್ಟಿಸಿದ್ದು ಹೆಣ ಮೇಡಂ. ನಂದು ಯಾವತ್ತೂ ತಾಜಾ. ಅವರೆಲ್ಲ ನಿನ್ನೆ ಮೊನ್ನೆ ಕಣ್ಣು ಬಿಟ್ಟವರು, ನನಗೇ ಪಾಠ ಹೇಳೋಕೆ ಬರ್ತಾರೆ.”

“ಈ ನೂರಾ ಎಂಟು ಸಲವೂ ನೀವೇ ಮಾಡಿದ್ದಾ? ಸಹಾಯಕರು?”

“ಮುಟ್ಟಿದ್ರೆ ಕೈ ಮುರೀತೀನಿ ಅಂದಿದೀನಿ. ಕೀಲಿ ಒಂದೇ, ನನ್ನ ಸೊಂಟದಲ್ಲಿ.”

“ಇನ್ನೊಂದು ಕೀಲಿ?”

“ಮಾದರಿ ಚೀಲಗಳ ಕೋಣೆದು. ಅದೂ ಒಂದೇ.”

“ಗೋದಾಮಿನ ಚೀಲದ ಮೊಹರು ಒಡೆದವರು?”

“ನಾನೇ.”

“ಕಾಳು ಪುಡಿ ಮಾಡಿ ಪರೀಕ್ಷೆ ಮಾಡಿದವರು?”

“ನಾನೇ. ನಾಲ್ಕು ವಾರದ ಹಿಂದೆ, ಮೊದಲಿಂದ ಕೊನೇತನಕ ನಾನೊಬ್ಬನೇ. ನನ್ನ ಕೆಲಸದಲ್ಲಿ ಇನ್ನೊಬ್ಬರ ಉಸಿರೂ ತಾಗಬಾರದು.”

ನಾನು ಕಾರ್ಯದರ್ಶಿಯ ಕಡೆ ತಿರುಗಿದೆ. “ಬರೆದುಕೊಂಡ್ರಾ?”

“ಅಕ್ಷರಕ್ಷರವೂ,” ಎಂದ ಅವನು. ಆ ಬೆಳಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಕಾಗದಗಳನ್ನು ಚೀಲದಿಂದ ತೆಗೆದು ಸಾಹೇಬರ ಮೇಜಿನ ಮೇಲೆ ಹರಡಿದೆ. ನಗುವನ್ನು ಮಡಿಸಿ ಒಳಗಿಟ್ಟೆ.

“ಇದು ಗೋದಾಮಿನ ಬೂಷ್ಟು. ಇದಕ್ಕೆ ವಿಷ ಮಾಡೋ ಜೀನುಗಳೇ ಇಲ್ಲ. ಇದು ನೀವು ಪರೀಕ್ಷೆ ಮಾಡಿದ ಚೀಲದ ಕೆಟ್ಟ ಬೂಷ್ಟು. ಇದು ನಿಮ್ಮ ಟ್ಯೂಬು. ಎರಡನ್ನೂ ಹೋಲಿಸಿ ನೋಡಿ.”

ಸಾಹೇಬರು ಕಾಗದ ಮುಟ್ಟಲಿಲ್ಲ. “ಇದೆಲ್ಲ ಯಂತ್ರದ ಆಟ. ಬೂಷ್ಟು ಬೂಷ್ಟೇ. ಹಸಿರು ಹಸಿರೇ. ಅದಕ್ಕೇ ಹೋದ ವಾರ ನೀವು ಚೂರು ಕೇಳಿದಾಗ ಮಾತಾಡದೆ ಕೊಟ್ಟೆ.”

“ಹಾಗಂದುಕೊಂಡೇ ಕೊಟ್ಟಿರಿ, ಗೊತ್ತು. ಗೋದಾಮಿನ ಮೂಟೆ ಮೇಲೆ ಹಸಿರು ಕಂಡಿರಿ. ನಿಮ್ಮ ಟ್ಯೂಬಿನಲ್ಲೂ ಹಸಿರಿತ್ತು. ಒಂದರೊಳಗೆ ಇನ್ನೊಂದನ್ನ ಬೆರೆಸಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ ಅಂದುಕೊಂಡಿರಿ.”

“ಈ ತಳಿ ಆರು ಲ್ಯಾಬಿನಲ್ಲಿದೆ! ನನ್ನದೇ ಅಂತ ಹೇಗೆ ಹೇಳ್ತೀರಿ?”

“ನೀವೇ ಈಗ ಹೇಳಿದಿರಲ್ಲ.” ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. “ಉಳಿದ ಐವರು ಹೆಪ್ಪುಗಟ್ಟಿಸಿ ಇಟ್ಟರು. ಅದು ಬೆಳೆಯಲಿಲ್ಲ, ಬದಲಾಗಲೂ ಇಲ್ಲ. ನೀವು ಒಂಬತ್ತು ವರ್ಷ ಅದನ್ನ ಬೆಳೆಸ್ತಾನೇ ಹೋದ್ರಿ. ಬೂಷ್ಟು ಬೆಳೆಯೋದು ಅಂದ್ರೆ ತನ್ನ ಅಕ್ಷರಗಳನ್ನೆಲ್ಲ ಮತ್ತೆ ಮತ್ತೆ ನಕಲು ಮಾಡಿಕೊಳ್ಳೋದು. ಅಷ್ಟು ನಕಲು ಮಾಡುವಾಗ ಎಲ್ಲೋ ಒಂದು ತಪ್ಪು ನುಸುಳತ್ತೆ. ನುಸುಳಿದ ತಪ್ಪು ಮುಂದಿನ ಟ್ಯೂಬಿಗೂ ಹೋಗತ್ತೆ. ನೂರಾ ಎಂಟು ಟ್ಯೂಬಿಗೆ ಒಂಬತ್ತು ತಪ್ಪು. ಈ ಒಂಬತ್ತು ಇಡೀ ಪ್ರಪಂಚದಲ್ಲಿ ನಿಮ್ಮ ಫ್ರಿಜ್ಜು ಬಿಟ್ರೆ ಬೇರೆಲ್ಲೂ ಇಲ್ಲ. ಇದ್ದದ್ದು ಇನ್ನೊಂದೇ ಕಡೆ. ಗೋದಾಮಿನಮ್ಮನ ಹೆಸರಿದ್ದ, ನೀವೇ ಮೊಹರು ಒಡೆದ ಚೀಲದಲ್ಲಿ.”

ಸಾಹೇಬರು ಕಾಗದವನ್ನು ಎತ್ತಿಕೊಂಡರು. ಓದಬಲ್ಲವರು ಅವರು, ಅದರಲ್ಲಿ ಅನುಮಾನವಿಲ್ಲ. ಒಂದನೆಯದು, ಎರಡನೆಯದು, ಮೂರನೆಯದು. ಬೆರಳು ಒಂದೊಂದೇ ಅಕ್ಷರದ ಮೇಲೆ ನಿಂತು ಮುಂದೆ ಹೋಯಿತು. ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ಇಸ್ತ್ರಿ ಮಾಡಿದ ಕೋಟಿನ ಕಂಕುಳಲ್ಲಿ ಬೆವರು ಹರಡಿತ್ತು.

“ಹೆಪ್ಪುಗಟ್ಟಿಸಿ ಇಟ್ಟಿದ್ರೆ ತಪ್ಪಿಸಿಕೊಳ್ತಿದ್ರಿ,” ಎಂದೆ. “ಆರರಲ್ಲಿ ಯಾರದು ಅಂತ ನಾನು ತಲೆ ಕೆರೆದುಕೊಂಡು ಕೂರಬೇಕಾಗಿತ್ತು.”

ಸಾಹೇಬರು ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟರು.

“ಒಂದು ಫ್ಲಾಸ್ಕು,” ಎಂದರು ಕೊನೆಗೆ, ಪಿಸುಮಾತಿನಲ್ಲಿ. “ಮೆಕ್ಕೆಜೋಳದ ಮೇಲೆ ಒಂದು ಫ್ಲಾಸ್ಕು ಬೂಷ್ಟು ಬೆಳೆಸಿ, ಚೀಲಕ್ಕೆ ಒಂದು ಹಿಡಿ ಬೆರೆಸಿದೆ.”

“ಯಾಕೆ?”

“ಹಾಸ್ಟೆಲಿಗೆ ದಿನಸಿ ಹಾಕೋದು ನನ್ನ ಷಡ್ಡಕ. ಅರ್ಧ ಹಿಟ್ಟು ಗೋದಾಮಿನದು, ಇನ್ನರ್ಧ ಅವನು ಎಲ್ಲಿಂದಲೋ ತಂದದ್ದು. ಹುಡುಗಿಯರು ಹಾಸಿಗೆ ಹಿಡಿದ ಕೂಡಲೇ ಓಡಿಬಂದು ಕಾಲು ಹಿಡಿದ. ತನ್ನ ಹಿಟ್ಟೇ ಕೆಟ್ಟಿತ್ತೇನೋ ಅಂತ ಅವನಿಗೆ ಭಯ. ಅಷ್ಟರಲ್ಲಿ ಗೋದಾಮಿನ ಚೀಲ ಬಂತು. ಪರೀಕ್ಷೆ ಮಾಡಿದೆ, ಶುದ್ಧವಾಗಿತ್ತು. ಶುದ್ಧ ಅಂತ ಬರೆದ್ರೆ ಮುಂದಿನ ಸರದಿ ಅವನದು. ನನ್ನ ಹೆಂಡತಿಯ ತಂಗಿ ಮನೆ ಬೀದಿಗೆ ಬರ್ತಿತ್ತು...”

“ಅದಕ್ಕೆ ಇನ್ನೊಬ್ಬಳ ಮನೆ ಮುರಿದ್ರಾ!” ನನಗರಿವಿಲ್ಲದೆ ಮೇಜು ಗುದ್ದಿದ್ದೆ. ಮೊಹರುಗಳೆಲ್ಲ ಹಾರಿಬಿದ್ದವು. “ವಾರಗಟ್ಟಲೆ ಒಬ್ಬ ತಾಯಿ ಮಗಳ ಬಾಗಿಲ ಹೊರಗೆ ಕೂತಿದಾಳೆ ಸಾಹೇಬ್ರೇ! ನಿಮ್ಮ ಒಂದು ಕಾಗದದಿಂದ!”

ಅವರು ತಲೆ ತಗ್ಗಿಸಿದರು. ಆಮೇಲೆ ಇದ್ದಕ್ಕಿದ್ದಂತೆ ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದರು. “ಚೀಲಕ್ಕೆ ಬೆರೆಸಿದ್ದು ನಾನು. ಒಪ್ಪಿಕೊಳ್ತೀನಿ. ಆದ್ರೆ ಹುಡುಗಿಯರ ಹೊಟ್ಟೆಗೆ ನಾನು ಏನೂ ಹಾಕಿಲ್ಲ. ನನಗೂ ಹೆಣ್ಣುಮಕ್ಕಳಿದಾರೆ.”

ಆ ಮಾತನ್ನು ನಾನು ನಂಬಿದೆ. ಷಡ್ಡಕನ ಹಿಟ್ಟೇ ತಾನಾಗಿ ಕೆಟ್ಟಿತ್ತು, ಕಥೆ ಅಲ್ಲಿಗೆ ಮುಗಿಯಿತು ಎಂದೇ ಅಂದುಕೊಂಡೆ. ಕಾರ್ಯದರ್ಶಿ ಹೇಳಿಕೆಯನ್ನು ಓದಿ ಹೇಳಿದ. ಸಾಹೇಬರು ಸಹಿ ಹಾಕಿದರು. ಹಾಕಿ, ರೂಢಿಯಂತೆ ಕೈ ಮೊಹರಿನತ್ತ ಹೋಯಿತು, ಅರ್ಧದಲ್ಲೇ ನಿಂತಿತು.

* * *

ಸಮಿತಿಯ ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಬೀಗ ಜಡಿಯಲು ಬಂದ ಸಮಿತಿ ತಾನೇ ಹಾಕಿಸಿದ್ದ ಬೀಗ ತೆಗೆಸುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಅವರ ಮುಖದಲ್ಲಿ ನಗು ಕಂಡವರಿಲ್ಲ ಎಂದು ಪ್ರತೀತಿ. ಅವರು ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು:

“ಅಂದರೆ ಈಕೆಯ ಮೂಟೆಗಳ ಮೇಲಿನ ಬೂಷ್ಟು ವಿಷವನ್ನು ತಡೆಯುವ ಬೂಷ್ಟು?”

“ಹೌದು.”

“ನಾವು ಕಾವಲುಗಾರನನ್ನೇ ಕಳ್ಳ ಅಂತ ಹಿಡಿದಿದ್ದೆವು.”

“ನೀವಾಗಿ ಹೇಳಿದಿರಿ, ಒಳ್ಳೇದಾಯ್ತು,” ಎಂದೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರೇ ನಕ್ಕುಬಿಟ್ಟರು.

ಪರೀಕ್ಷಾಲಯದ ವರದಿ ರದ್ದು. ಪರವಾನಗಿ ಊರ್ಜಿತ. ಸೀಲ್ ಸಾಹೇಬರು ಅಮಾನತು, ಹೇಳಿಕೆ ಪೊಲೀಸರಿಗೆ. ಸಮಿತಿಯ ಕ್ಷಮಾಪಣೆ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು, ಮೂಲೆಯಲ್ಲಲ್ಲ, ಮುಖಪುಟದಲ್ಲಿ. ಅಧ್ಯಕ್ಷೆ ಒಂದೊಂದು ಸಾಲು ಓದಿದಂತೆ ಹಿಂದಿನ ಬೆಂಚುಗಳಲ್ಲಿ ಕುಳಿತ ರೈತರು ಒಬ್ಬೊಬ್ಬರಾಗಿ ಎದ್ದು ನಿಂತರು. ಕೊನೆಯ ಸಾಲಿಗೆ ಯಾರೋ ಶಿಳ್ಳೆ ಹೊಡೆದರು. ಕಾರ್ಯದರ್ಶಿ ಅದನ್ನೂ ಬರೆದುಕೊಂಡನೇನೋ.

ಗೋದಾಮಿನಮ್ಮ ಮಾತ್ರ ಎದ್ದಿರಲಿಲ್ಲ. ತಲೆ ಬಾಚಿಕೊಂಡು ಬಂದಿದ್ದಳು. ಎರಡೂ ಕೈಯಲ್ಲಿ ಮುಂದಿನ ಬೆಂಚನ್ನು ಹಿಡಿದುಕೊಂಡು ಕೇಳಿದಳು: “ಅಮ್ಮಾವ್ರೇ, ಇದನ್ನ ಒಂದು ಕಾಗದದ ಮೇಲೆ ಬರೆದು ಕೊಡ್ತೀರಾ? ಸಹಿ ಹಾಕಿ? ಮಗಳಿಗೆ ತೋರಿಸಬೇಕು.”

ಅಧ್ಯಕ್ಷೆ ತಮ್ಮ ಕೈಬರಹದಲ್ಲೇ ಬರೆದುಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ರೈತರು ಅವಳನ್ನು ಮುತ್ತಿಕೊಂಡರು. ಒಬ್ಬ ಮುದುಕ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಸಾಲದ್ದಕ್ಕೆ ಓರಗಿತ್ತಿಗೆ ಎರಡು ಮೂಟೆ ಜೋಳ ಕಳಿಸುತ್ತೇನೆ ಎಂದ. “ಬೂಷ್ಟು ಹಿಡಿದಿದ್ರೆ ಇನ್ನೂ ಖುಷಿ ಪಡ್ತಾಳೆ,” ಎಂದೆ. ಎಲ್ಲರೂ ಗೊಳ್ಳೆಂದರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನನಗೆ ಆವತ್ತು ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಹೊರಡುವಾಗ ಕಾರ್ಯದರ್ಶಿ ಪರೀಕ್ಷಾಲಯದ ರಿಜಿಸ್ಟರುಗಳ ನಕಲು ಪ್ರತಿಗಳ ಕಟ್ಟೊಂದನ್ನು ನನ್ನ ಕೈಗಿಟ್ಟ. ಪೊಲೀಸರು ಬರುವ ಮೊದಲು ಒಮ್ಮೆ ಕಣ್ಣಾಡಿಸಿ ಎಂದು ಅಧ್ಯಕ್ಷೆ ಹೇಳಿ ಕಳಿಸಿದ್ದರಂತೆ.

* * *

ವಾರ್ಡಿನ ಬಾಗಿಲನ್ನು ಈ ಸಲ ನಾನೇ ತಳ್ಳಿದೆ. ಹುಡುಗಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿ ಕುಳಿತಿದ್ದಳು. ಕಣ್ಣಿನ ಬಿಳಿಯಲ್ಲಿ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ.

“ನಿನ್ನ ಅಮ್ಮನ ಮೂಟೆಯಲ್ಲಿ ವಿಷ ಇರಲಿಲ್ಲ ಮಗಳೇ,” ಎಂದೆ. “ಒಂದು ಕಾಳಿನಲ್ಲೂ ಇರಲಿಲ್ಲ. ಸಮಿತಿಯೇ ಬರೆದುಕೊಟ್ಟಿದೆ, ಓದು.”

ಅವಳು ಕಾಗದ ಓದಿದಳು. ಮುಗಿಸಿದವಳೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಬಿಕ್ಕಿ ಬಿಕ್ಕಿ, ಉಸಿರು ಸಿಗದಂತೆ ಅತ್ತಳು. ಅಕ್ಕಪಕ್ಕದ ಹಾಸಿಗೆಯ ಹುಡುಗಿಯರೂ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಗೋದಾಮಿನಮ್ಮ ಒಳಗೆ ಬರಲೋ ಬೇಡವೋ ಎಂದು ಒಂದು ಕಾಲು ಮುಂದಿಟ್ಟಳು.

“ಅಮ್ಮಾ,” ಎಂದಳು ಹುಡುಗಿ.

ಅಷ್ಟೇ ಸಾಕಾಗಿತ್ತು. ಆ ದೊಡ್ಡ ಹೆಂಗಸು ನಾಲ್ಕು ಹೆಜ್ಜೆಯಲ್ಲಿ ವಾರ್ಡನ್ನು ದಾಟಿ ಮಗಳನ್ನು ಹಾಸಿಗೆಯಿಂದ ಎತ್ತಿಬಿಡುವಂತೆ ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಪ್ಪತ್ತೆರಡು ವರ್ಷ ಸುಟ್ಟದ್ದು, ಮುರಿದದ್ದು, ಮುಳುಗಿದ್ದನ್ನೇ ನೋಡಿದವಳು, ಹೀಗೆ ಕೂಡಿಕೊಂಡದ್ದನ್ನು ನೋಡಿದ್ದು ಇದೇ ಮೊದಲು.

ಅವರಿಬ್ಬರನ್ನು ಬಿಟ್ಟು ಹೊರಗಿನ ಬೆಂಚಿಗೆ ಬಂದು ಕುಳಿತೆ. ಫೋನು ಹೊಡೆದುಕೊಂಡಿತು. ಓರಗಿತ್ತಿ.

“ಗೆದ್ದೆವು ಕಣೇ!” ಎಂದೆ. “ನಿನ್ನ ಹೆಸರಿಗೆ ಎರಡು ಮೂಟೆ ಜೋಳ ಬರ್ತಿದೆ.”

“ಅಕ್ಕಾ, ಜರಡಿಯ ಹಿಟ್ಟಿನದು ಬಂತು.” ಅವಳ ದನಿಯಲ್ಲಿ ನಗುವಿರಲಿಲ್ಲ.

“ಷಡ್ಡಕನ ಹಿಟ್ಟು ತಾನೆ? ಯಾವುದೋ ಹೊಲದ ಬೂಷ್ಟು?”

“ಅಲ್ಲ. ಇದೂ ಸಾಹೇಬ್ರ ಟ್ಯೂಬಿನದೇ.”

ನಾನು ನೆಟ್ಟಗೆ ಕುಳಿತೆ. “ಹಾಗಾದ್ರೆ ಆ ಮನುಷ್ಯ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದನಾ?”

“ಗೊತ್ತಿಲ್ಲ. ಆದ್ರೆ ಇದರಲ್ಲಿ ಬದಲಾಗಿರೋದು ಎಂಟೇ ಅಕ್ಷರ. ಒಂಬತ್ತನೇದು ಇನ್ನೂ ಹುಟ್ಟಿಲ್ಲ. ಹನ್ನೆರಡು ಟ್ಯೂಬನ್ನೂ ಸಾಲಾಗಿ ಇಟ್ಟು ನೋಡಿದೆ. ಎಂಟನೇದು ನೂರಾ ನಾಲ್ಕರಲ್ಲಿ ಬಂದಿದೆ, ಒಂಬತ್ತನೇದು ನೂರಾ ಆರರಲ್ಲಿ. ಅಂದ್ರೆ ಹಾಸ್ಟೆಲಿಗೆ ಹೋದದ್ದು ನೂರಾ ನಾಲ್ಕು ಇಲ್ಲಾ ನೂರಾ ಐದರಿಂದ. ಮೂರು ನಾಲ್ಕು ತಿಂಗಳ ಹಿಂದಿನ ಟ್ಯೂಬು. ಯಾರೂ ಕಾಯಿಲೆ ಬೀಳೋಕೆ ಮೊದಲೇ ಯಾರೋ ಅದನ್ನ ಹೊರಗೆ ಒಯ್ದಿದಾರೆ.” ಅವಳು ಉಸಿರೆಳೆದುಕೊಂಡಳು. “ಆ ಹಿಟ್ಟು ತಾನಾಗಿ ಕೆಟ್ಟಿದ್ದಲ್ಲ ಅಕ್ಕ. ಬೇಕಂತ ಹಾಕಿದ್ದು.”

“ಕೀಲಿ ಅವರ ಸೊಂಟದಲ್ಲಿತ್ತಲ್ಲೇ!”

“ಕೀಲಿ ಇದ್ರೇನು? ಪಾಠಕ್ಕೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ಎಲ್ಲ ಲ್ಯಾಬಿನವರೂ ಒಂದು ಚೂರು ಕೊಡ್ತೀವಿ. ನಾನೂ ಕೊಡ್ತೀನಿ. ಬರೆದಿಟ್ಟಿರ್ತಾರೆ, ನೋಡಿ.”

ಕಟ್ಟು ನನ್ನ ತೊಡೆಯ ಮೇಲೇ ಇತ್ತು. ಹೊರಗೆ ಕೊಟ್ಟವುಗಳ ರಿಜಿಸ್ಟರು, ನಾಲ್ಕು ತಿಂಗಳ ಹಿಂದಿನ ಪುಟ. ಆ ಎರಡು ತಿಂಗಳಲ್ಲಿ ಇದ್ದದ್ದು ಒಂದೇ ಒಂದು ಸಾಲು, ಸಾಹೇಬರ ದುಂಡಗಿನ ಅಕ್ಷರದಲ್ಲಿ. ಟ್ಯೂಬು ನೂರಾ ಐದು. ಒಂದು ಚೂರು. ಉದ್ದೇಶ, ಪ್ರಾಯೋಗಿಕ ಪಾಠ. ಪಡೆದವರು, ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಮುಂದೆ ಒಂದು ಸಹಿ. ಸಹಿಯ ಪಕ್ಕದ ಷರಾ ಕಾಲಮಿನಲ್ಲಿ, ಒತ್ತೊತ್ತಾಗಿ: ಗೋದಾಮಿನ ಯಜಮಾನಿಯ ಮಗಳು, ಪರಿಚಿತಳು.

ನಾನು ಆ ಸಾಲನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಅದು ಹಾಗೆಯೇ ಇತ್ತು. ಅಮ್ಮನ ಮುಖ ನೋಡೋಕೆ ನನ್ನ ಕೈಲಾಗಲ್ಲ ಎಂಬ ಆ ಹುಡುಗಿಯ ಮಾತಿಗೆ ಈಗ ಬೇರೆಯೇ ಅರ್ಥ ಬಂತು.

“ಮೇಡಂ!” ಗೋದಾಮಿನಮ್ಮ ಬಾಗಿಲಿಗೆ ಬಂದು ನನ್ನ ತೋಳು ಹಿಡಿದಳು. ಐದು ವಾರದಲ್ಲಿ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. “ಹೊರಗ್ಯಾಕೆ ಕೂತ್ರಿ? ಬನ್ನಿ ಬನ್ನಿ. ನಿಮಗೆ ಎಷ್ಟು ಕೈ ಮುಗಿದ್ರೂ ಸಾಲದು.”

ಎಳೆದುಕೊಂಡೇ ಹೋದಳು. ಹಾಸಿಗೆಯ ಅಂಚಿನಲ್ಲಿ ಕುಳಿತು ಮಗಳ ಕೈಯನ್ನು ಮತ್ತೆ ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡಳು. ನಾನು ನಗಲು ನೋಡಿದೆ. ಆಗಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಅದರ ಮೂಲೆಯಲ್ಲಿ ಸಾಹೇಬರ ಮೊಹರು ದೊಡ್ಡದಾಗಿ ಕಾಣುತ್ತಿತ್ತು.

ಅವಳ ತುಟಿಯ ಬಣ್ಣ ಇಳಿದುಹೋಯಿತು. ತಾಯಿಯ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ, ಒಂದೊಂದೇ ಬೆರಳಾಗಿ ಬಿಡಿಸಿಕೊಂಡಳು.

“ಅಮ್ಮಾ,” ಎಂದಳು, ನನ್ನಿಂದ ಕಣ್ಣು ಕದಲಿಸದೆ. “ನೀನು ಸ್ವಲ್ಪ ಹೊರಗೆ ಹೋಗ್ತೀಯಾ?”